ಕ್ಯಾಂಪರ್ ವ್ಯಾನಿನ ಮಂಕು ಹೆಡ್‌ಲೈಟಿಗೆ ರಿಲೇ ಕಿಟ್: ಮಳೆಗಾಲಗಳು ಕಳೆದ ಮೇಲಿನ ವಿಮರ್ಶೆ

ಟೆಂಪೋ ಟ್ರಾವೆಲರ್ ಥರದ 12 ವೋಲ್ಟ್ ಗಾಡಿಯ ಮೇಲೆ ಕಟ್ಟಿದ ಕ್ಯಾಂಪರ್ ವ್ಯಾನಿಗೆ ಎಚ್4 (ಹೈ, ಲೋ ಎರಡೂ ಒಂದರಲ್ಲೇ ಇರುವ ಮೂರು ಕಾಲಿನ ಬಲ್ಬ್) ಹೆಡ್‌ಲೈಟ್ ರಿಲೇ ಕಿಟ್ ಹಾಕಿ, ಘಾಟಿ ಮಳೆ, ಕರಾವಳಿಯ ಉಪ್ಪುಗಾಳಿ ಎಲ್ಲ ಕಂಡಾದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ತೀರ್ಪು ಮೊದಲೇ ಹೇಳಿಬಿಡಬಹುದು: ಬಲ್ಬಿನ ಬುಡಕ್ಕೆ ವೋಲ್ಟೇಜ್ ಸರಿಯಾಗಿ ತಲುಪದ ಗಾಡಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ತಲುಪುತ್ತಿರುವ ಗಾಡಿಗೆ ದುಡ್ಡು ದಂಡ. ಆದ್ದರಿಂದ ಕಿಟ್ ಕೊಳ್ಳುವ ಮುಂಚೆ ಮಲ್ಟಿಮೀಟರ್ ಕೊಳ್ಳಿ.

ಅಳೆಯುವುದು ಹೀಗೆ. ಎಂಜಿನ್ ಚಾಲೂ ಮಾಡಿ ರೇಸ್ ಸ್ವಲ್ಪ ಮೇಲಿಡಿ, 1500 ಆರ್‌ಪಿಎಂ ಸಾಕು. ಲೋ ಬೀಮ್ ಹಾಕಿ. ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ನೋಡಿ, 13.8ರಿಂದ 14.2 ಬರಬೇಕು. ಆಮೇಲೆ ಬಲ್ಬಿನ ಹೋಲ್ಡರ್ ಕಳಚದೆಯೇ, ಹಿಂಬದಿಯಿಂದ ವೈರಿನ ಪಕ್ಕದಲ್ಲಿ ಮೀಟರಿನ ಪ್ರೋಬಿನ ಚೂಪು ತುದಿ ತೂರಿಸಿ ಬಲ್ಬಿನ ಕಾಲುಗಳಲ್ಲೇ ಅಳೆಯಿರಿ. ಹೋಲ್ಡರ್ ಕಳಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಮೀಟರ್ ಸುಳ್ಳೇ 13.9 ತೋರಿಸುತ್ತದೆ, ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಹೀಗೆ ನೋಡಿಯೇ "ವೈರಿಂಗ್ ಓಕೆ ಸಾರ್, ಬಲ್ಬ್ ಚೇಂಜ್ ಮಾಡಿ" ಅನ್ನುವುದು. ಬಲ್ಬಿನಲ್ಲಿ 13.2 ಅಥವಾ ಮೇಲೆ ಬಂದರೆ ಕಿಟ್ ಬೇಡ. 12.5ಕ್ಕಿಂತ ಕೆಳಗಿದ್ದರೆ ಕಣ್ಣುಮುಚ್ಚಿ ಹಾಕಿಸಿ.

ವೋಲ್ಟೇಜ್ ಎಲ್ಲಿ ಸೋರುತ್ತದೆ? ಎರಡು ಲೋ ಬೀಮ್ ಬಲ್ಬ್ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಅಷ್ಟೂ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿಗೆ, ಅಲ್ಲಿಂದ ಸ್ಟೀರಿಂಗ್ ಬಳಿಯ ಸ್ವಿಚ್ಚಿಗೆ, ಡಿಪ್ಪರಿಗೆ, ಮತ್ತೆ ಮುಂದಕ್ಕೆ ಸಣ್ಣ ವೈರಿನಲ್ಲಿ ಓಡಬೇಕು. ದಾರಿಯುದ್ದಕ್ಕೂ ಕನೆಕ್ಟರುಗಳು, ಹಳೆಯ ಕಾಂಟ್ಯಾಕ್ಟುಗಳು, ತುಕ್ಕು ಹಿಡಿದ ಅರ್ತಿಂಗ್. ಒಟ್ಟು ರೆಸಿಸ್ಟೆನ್ಸ್ 0.15 ಓಮ್ ಆದರೂ 1.5 ವೋಲ್ಟ್ ಹೋಯಿತು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸರಿಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. 13.9ರ ಬದಲು 12.1 ಸಿಕ್ಕರೆ ವೋಲ್ಟೇಜ್ ಶೇ 13 ಇಳಿದಂತೆ ಕಂಡರೂ ಬೆಳಕು ಶೇ 38ರಷ್ಟು ಇಳಿದಿರುತ್ತದೆ.

ಕಿಟ್ ಈ ಉದ್ದ ದಾರಿಯನ್ನು ತಪ್ಪಿಸುತ್ತದೆ. ಬ್ಯಾಟರಿಯಿಂದ ದಪ್ಪ ವೈರ್ ನೇರವಾಗಿ ಎರಡು ರಿಲೇಗಳಿಗೆ (ಒಂದು ಲೋ, ಒಂದು ಹೈ), ಅಲ್ಲಿಂದ ಬಲ್ಬಿಗೆ. ಹಳೆಯ ಸ್ವಿಚ್ಚಿಗೆ ಉಳಿಯುವ ಕೆಲಸ ರಿಲೇಯ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿ) ಕರೆಂಟ್ ಕೊಡುವುದಷ್ಟೇ. ಅದಕ್ಕೆ ಆಂಪಿಯರಿನ ಒಂದು ಚೂರು ಸಾಕು. ಹಾಕಿದ ಮೇಲೆ ಅದೇ ಬಲ್ಬಿನಲ್ಲಿ 12.1 ಇದ್ದದ್ದು 13.5 ಆಯಿತು. ಲೆಕ್ಕದ ಪ್ರಕಾರ ಶೇ 45ರಷ್ಟು ಹೆಚ್ಚು ಬೆಳಕು, ಅದೂ ಮಾಮೂಲಿ 60/55 ವ್ಯಾಟ್ (ಹೈ 60, ಲೋ 55) ಬಲ್ಬಿನಿಂದಲೇ. ಹಳದಿ ಮಿಶ್ರಿತ ಕೆಂಪಗಿದ್ದ ಬೆಳಕು ಬಿಳುಪಿಗೆ ತಿರುಗುವುದು ಗೋಡೆಯ ಮೇಲೇ ಗೊತ್ತಾಗುತ್ತದೆ. ಇದಕ್ಕೆ ಬೆಲೆಯೂ ಇದೆ: ವೋಲ್ಟೇಜ್ ಏರಿದಷ್ಟೂ ಬಲ್ಬಿನ ಆಯುಸ್ಸು ಇನ್ನೂ ಬೇಗ ಇಳಿಯುತ್ತದೆ. ಮಂಕಾಗಿ ಉರಿಯುತ್ತಾ ವರ್ಷಗಟ್ಟಲೆ ಬಾಳುತ್ತಿದ್ದ ಬಲ್ಬ್ ಈಗ ಅದರ ಮೂರನೇ ಒಂದು ಭಾಗವೂ ಬಾಳದಿದ್ದರೆ ಅಚ್ಚರಿಪಡಬೇಡಿ.

ಇನ್ನು ಡಬ್ಬಿಯಲ್ಲಿ ಬಂದ ಸಾಮಾನಿನ ಗುಣಮಟ್ಟ. ಸಾವಿರ ರೂಪಾಯಿ ಆಸುಪಾಸಿನ ಕಿಟ್‌ಗಳಲ್ಲಿ ರಿಲೇ, ಸೆರಾಮಿಕ್ ಹೋಲ್ಡರ್, ವೈರ್, ಫ್ಯೂಸ್ ಎಲ್ಲ ಸೇರಿರುತ್ತವೆ. ಮೋಸ ಇರುವುದು ವೈರಿನಲ್ಲಿ. ತುದಿಯ ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದರ ರೆಸಿಸ್ಟೆನ್ಸ್ ಜಾಸ್ತಿ, ಕ್ರಿಂಪ್ ಮಾಡಿದ ಜಾಗದಲ್ಲಿ ಬೇಗ ಸಡಿಲವಾಗುತ್ತದೆ, ತೇವ ಸೇರಿದರೆ ಬೂದಿಯಂತೆ ಉದುರುತ್ತದೆ. ಅಂಥದ್ದು ಬಂದರೆ ರಿಲೇ, ಹೋಲ್ಡರ್ ಇಟ್ಟುಕೊಂಡು ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿ.ಮೀ., ರಿಲೇಯಿಂದ ಬಲ್ಬಿಗೆ 2.5 ಚದರ ಮಿ.ಮೀ. ಶುದ್ಧ ತಾಮ್ರದ ಆಟೋ ವೈರ್ ಹಾಕಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅರ್ತಿಂಗ್ ವೈರನ್ನೂ ಅದೇ ದಪ್ಪದಲ್ಲಿ ತನ್ನಿ. ಪಾಸಿಟಿವ್‌ಗೆ ದಪ್ಪ ವೈರ್ ಹಾಕಿ ಅರ್ತಿಂಗನ್ನು ಹಳೆಯದೇ ಬಿಟ್ಟರೆ ಅರ್ಧ ಲಾಭ ಅಲ್ಲೇ ಸೋರಿಹೋಗುತ್ತದೆ.

ಹಾಕುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ನಿಂದ 15-20 ಸೆಂ.ಮೀ. ಒಳಗೆ ಫ್ಯೂಸ್ ಬರಬೇಕು, ಲೋಗೆ ಒಂದು 20 ಆಂಪಿಯರ್, ಹೈಗೆ ಇನ್ನೊಂದು. ಒಂದೇ ಫ್ಯೂಸ್ ಕೊಡುವ ಕಿಟ್ ಆದರೆ ಬೇರ್ಪಡಿಸಿಕೊಳ್ಳಿ. ಘಾಟಿಯಲ್ಲಿ ಒಂದು ಶಾರ್ಟ್ ಆಗಿ ಎರಡೂ ಬೀಮ್ ಹೋಗುವುದು ಯಾರಿಗೂ ಬೇಡ. ರಿಲೇಯ ಕಾಲುಗಳ ಪಕ್ಕ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ, 87ಕ್ಕೆ ಬಲ್ಬ್, 86ಕ್ಕೆ ಹಳೆಯ ಹೋಲ್ಡರಿನಿಂದ ಬರುವ ಸಿಗ್ನಲ್, 85 ಅರ್ತಿಂಗಿಗೆ. ಎಚ್4 ಹೋಲ್ಡರಿನಲ್ಲಿ ಮೇಲೆ ಅಡ್ಡಲಾಗಿರುವ ಕಾಲು ಲೋ ಬೀಮ್, ಅಕ್ಕಪಕ್ಕದ ಎರಡರಲ್ಲಿ ಒಂದು ಹೈ, ಇನ್ನೊಂದು ಅರ್ತಿಂಗ್. ಯಾವುದು ಯಾವುದೆಂದು ಮೀಟರಿನಲ್ಲೇ ಖಾತ್ರಿ ಮಾಡಿಕೊಳ್ಳಿ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ಮೇಲ್ಮುಖವಾಗಿ ಕೂರಿಸಿದರೆ ಮಳೆನೀರು ಒಳಗೆ ನಿಲ್ಲುತ್ತದೆ. ಅರ್ತಿಂಗ್ ಲಗ್ (ವೈರಿನ ತುದಿಯ ಲೋಹದ ಬಳೆ) ಕೂರುವ ಜಾಗದ ಪೇಂಟ್ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ.

ಸಿಗ್ನಲ್‌ಗೆ ಒಂದು ಬದಿಯ ಹಳೆಯ ಹೋಲ್ಡರ್ ಸಾಕು, ಇನ್ನೊಂದು ಬದಿಯದು ಸುಮ್ಮನೆ ಉಳಿಯುತ್ತದೆ. ಅದನ್ನು ಕತ್ತರಿಸಬೇಡಿ. ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ ಬಲ್ಬಿನ ಹತ್ತಿರವೇ ಕಟ್ಟಿಡಿ. ರಿಲೇ ಕೈಕೊಟ್ಟ ರಾತ್ರಿ ಕಿಟ್ಟಿನ ಹೋಲ್ಡರ್ ಕಿತ್ತು ಹಳೆಯದನ್ನು ಬಲ್ಬಿಗೆ ಸಿಕ್ಕಿಸಿದರೆ ಮಂಕಾದರೂ ಬೆಳಕು ಬರುತ್ತದೆ, ಊರು ಮುಟ್ಟಬಹುದು.

ಕ್ಯಾಂಪರಿಗೆ ಮಾತ್ರ ಅನ್ವಯಿಸುವ ಒಂದು ಮಾತು: ಹತ್ತಿರ ಇದೆ ಅಂತ ಮನೆ ಬ್ಯಾಟರಿಯಿಂದ, ಅಂದರೆ ಫ್ರಿಜ್, ಫ್ಯಾನ್ ಓಡಿಸುವ ಬ್ಯಾಟರಿಯಿಂದ, ಲೈನ್ ಎಳೆಯಬೇಡಿ. ಎಂಜಿನ್ ಬ್ಯಾಟರಿಯಿಂದಲೇ ಬರಬೇಕು. ಮನೆ ಬ್ಯಾಟರಿ ಲಿಥಿಯಂ ಆಗಿದ್ದು ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇಲ್ಲದಿದ್ದರೆ ಅದು ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ ಜನರೇಟರ್) ಕರೆಂಟನ್ನು ಬಕಾಸುರನಂತೆ ಎಳೆಯುತ್ತದೆ, ಐಡಲ್‌ನಲ್ಲಿ ಹೆಡ್‌ಲೈಟ್ ಮಂಕಾಗುತ್ತದೆ. ಆ ತೊಂದರೆಗೆ ರಿಲೇ ಕಿಟ್ ಮದ್ದಲ್ಲ.

ಬಳಕೆಯಲ್ಲಿ ಏನೇನು ಹೋಯಿತು? ಮೊದಲು ಹೋದದ್ದು ಕಿಟ್ಟಿನ ಜತೆ ಬಂದ ಫ್ಯೂಸ್ ಹೋಲ್ಡರ್. ಸಡಿಲ ಕಾಂಟ್ಯಾಕ್ಟಿನಿಂದ ಬಿಸಿಯಾಗಿ ಪ್ಲಾಸ್ಟಿಕ್ ಕಂದುಗಟ್ಟಿತು, ಮುಚ್ಚಳವಿರುವ ವಾಟರ್‌ಪ್ರೂಫ್ ಹೋಲ್ಡರ್ ಹಾಕಿದ ಮೇಲೆ ಆ ತಕರಾರಿಲ್ಲ. ಕರಾವಳಿ ಸುತ್ತಾಟದ ನಂತರ ಅರ್ತಿಂಗ್ ಲಗ್‌ನಲ್ಲಿ ಹಸಿರು ಕಿಲುಬು ಬಂದು ಎಡಗಡೆ ದೀಪ ಮಂಕಾಯಿತು. ಉಜ್ಜಿ ಬಿಗಿದರೆ ಸರಿ. ಸೆರಾಮಿಕ್ ಹೋಲ್ಡರ್ ಕರಗುವುದಿಲ್ಲ ನಿಜ, ಆದರೆ ಒಳಗಿನ ಹಿತ್ತಾಳೆ ಕ್ಲಿಪ್ಪುಗಳು ಬಲ್ಬ್ ಬದಲಿಸಿದಂತೆಲ್ಲ ಅಗಲವಾಗುತ್ತವೆ, ನೋಸ್ ಪ್ಲೈಯರಿನಲ್ಲಿ ತುಸು ಒತ್ತಬೇಕಾಗುತ್ತದೆ. ರಿಲೇಗಳು ಇನ್ನೂ ಅವೇ ಇವೆ. ಆದರೂ ಗ್ಲೋವ್ ಬಾಕ್ಸಿನಲ್ಲಿ ಒಂದು ರಿಲೇ, ಎರಡು ಫ್ಯೂಸ್, ಒಂದು ಬಲ್ಬ್ ಇರಲೇಬೇಕು.

ಕಿಟ್ ಹಾಕಿಯೂ "ರೋಡ್ ಕಾಣಲ್ಲ" ಅನ್ನುವವರ ಗಾಡಿಯಲ್ಲಿ ದೋಷ ಬಹುತೇಕ ಹೆಡ್‌ಲೈಟ್ ಅಲೈನ್‌ಮೆಂಟಿನದು, ಅಂದರೆ ಬೀಮ್ ಬೀಳುವ ಎತ್ತರದ್ದು. ಕ್ಯಾಂಪರಿನಲ್ಲಿ ಇದು ಕಾರಿಗಿಂತ ದೊಡ್ಡ ವಿಷಯ. ಹಿಂಬದಿಯಲ್ಲಿ 100 ಲೀಟರ್ ನೀರು ತುಂಬಿದರೆ 100 ಕೆಜಿ, ಅದರ ಜತೆ ಸೈಕಲ್ ಕ್ಯಾರಿಯರ್, ಗ್ಯಾಸ್, ಬ್ಯಾಟರಿ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಸುಮಾರು 4 ಮೀಟರ್ ಇರುವ ಗಾಡಿಯ ಹಿಂಭಾಗ 4 ಸೆಂ.ಮೀ. ಕುಸಿದರೆ ಬೀಮ್ ಶೇ 1ರಷ್ಟು ಮೇಲೇಳುತ್ತದೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಲೋ ಬೀಮ್ ಕೆಳಗೆ ಇಳಿಯಬೇಕಾದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಖಾಲಿ ಗಾಡಿಯಲ್ಲಿ ಸೆಟ್ ಮಾಡಿಸಿದ ಹೆಡ್‌ಲೈಟ್ ತುಂಬಿದ ಗಾಡಿಯಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ಚಕ್ರದ ಮುಂದಿನ ಗುಂಡಿ ಕತ್ತಲಲ್ಲೇ ಉಳಿಯುತ್ತದೆ.

ಆದ್ದರಿಂದ ನೀರು, ಸಾಮಾನು ತುಂಬಿ, ಟೈರ್ ಗಾಳಿ ಸರಿ ಮಾಡಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಸೆಟ್ ಮಾಡಿ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ಮಧ್ಯದ ಎತ್ತರವನ್ನು ನೆಲದಿಂದ ಅಳೆದು ಗೋಡೆಯ ಮೇಲೆ ಟೇಪ್ ಅಂಟಿಸಿ, ಅದರ ಕೆಳಗೆ ಇನ್ನೊಂದು ಟೇಪ್. ದೀಪದ ಎತ್ತರ 80 ಸೆಂ.ಮೀ.ಯಿಂದ 1 ಮೀಟರ್ ಇರುವ ಗಾಡಿಗೆ ಲೋ ಬೀಮಿನ ಮೇಲಂಚು 10ರಿಂದ 15 ಸೆಂ.ಮೀ. ಕೆಳಗಿರಬೇಕು. ನಮ್ಮದು ಎಡಗಡೆ ಸಂಚಾರ, ಹಾಗಾಗಿ ಗೋಡೆಯ ಮೇಲೆ ಬೆಳಕಿನ ಮೇಲಂಚು ಎಡಕ್ಕೇ ಏರಿರಬೇಕು. ಬಲಕ್ಕೆ ಏರಿದ್ದರೆ ಅದು ಬೇರೆ ದೇಶದ ಲ್ಯಾಂಪ್, ತಿರುಗಿಸಿ ಸರಿಮಾಡಲು ಆಗುವುದಿಲ್ಲ.

100/90 ವ್ಯಾಟ್ ಬಲ್ಬ್ ಹಾಕಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಕಾನೂನಿಗೆ ಒಪ್ಪಿಗೆಯಿಲ್ಲ, ಬಿಸಿಗೆ ರಿಫ್ಲೆಕ್ಟರಿನ ಹೊಳಪು ಸುಟ್ಟುಹೋಗುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ತುರುಕುವ ಎಲ್‌ಇಡಿ ಬಲ್ಬೂ ಅಷ್ಟೇ: ಫಿಲಮೆಂಟ್ ಇದ್ದ ಜಾಗ, ಆಕಾರ ಎರಡೂ ತಪ್ಪುವುದರಿಂದ ಬೆಳಕು ಚೆಲ್ಲಾಪಿಲ್ಲಿ, ಹತ್ತಿರ ಝಗಮಗ, ದೂರ ಕತ್ತಲು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಕೇಸು ಹಾಕತೊಡಗಿದ್ದೂ ನೆನಪಿರಲಿ. ನೀಲಿ ಲೇಪದ ಬಲ್ಬುಗಳು ನೋಡಲು ಚೆಂದ. ಲೇಪವೇ ಬೆಳಕನ್ನು ತಡೆಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಂಜು ಕವಿದರೆ ಯಾವ ಬಲ್ಬಾದರೂ ಹೈ ಬೀಮ್ ಬಿಳಿ ಗೋಡೆಯನ್ನಷ್ಟೇ ತೋರಿಸುತ್ತದೆ. ಲೋ ಬೀಮ್, ಬಂಪರಿನ ಕೆಳಮಟ್ಟದಲ್ಲಿ ಫಾಗ್ ಲ್ಯಾಂಪ್, ನಿಧಾನ, ಇಷ್ಟೇ. (ಬಂಡೀಪುರದ ದಾರಿಯವರಿಗೆ ಈ ಚಿಂತೆಯೇ ಇಲ್ಲ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಬಂದ್.)

ಲೆನ್ಸ್ ಪ್ಲಾಸ್ಟಿಕ್ ಆಗಿದ್ದು ಹಳದಿಗಟ್ಟಿದ್ದರೆ ನೀರು ಹಾಕುತ್ತಾ 800, 1000, 2000, 3000 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಕ್ರಮವಾಗಿ ಉಜ್ಜಿ, ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಸಿ. ಬರೀ ಪಾಲಿಶ್ ಮಾಡಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ.

ಬಸ್ ಚಾಸಿಯ ಮೇಲೆ ಕಟ್ಟಿದ ದೊಡ್ಡ ಮೋಟಾರ್‌ಹೋಮ್ 24 ವೋಲ್ಟಿನದಾಗಿದ್ದರೆ ಈ ಕಿಟ್ ಹಾಕಬೇಡಿ, 12 ವೋಲ್ಟಿನ ಕಾಯಿಲ್ ಸುಡುತ್ತದೆ. ಅದಕ್ಕೆ 24 ವೋಲ್ಟ್ ರಿಲೇ, 75/70 ವ್ಯಾಟ್ ಬಲ್ಬ್ ಬೇರೆಯೇ ಇವೆ. ಹೆಡ್‌ಲೈಟನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ರಿಲೇ ಟಕಟಕ ಬಡಿದುಕೊಳ್ಳಬಹುದು, ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಹೋಗಿದೆ ಎಂಬ ಎಚ್ಚರಿಕೆ ಹತ್ತಬಹುದು. ವಾರಂಟಿ ಇರುವ ಗಾಡಿಯಾದರೆ ವೈರಿಗೆ ಕೈ ಹಾಕುವ ಮುಂಚೆ ಸರ್ವಿಸ್ ಸೆಂಟರಿನಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.