ನ್ಯಾಂಟಕೆಟ್ ಬಂದರಿನ ಬಾಗಿಲಲ್ಲಿರುವ ಮರದ ದೀಪಸ್ತಂಭ

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಹೈಯಾನಿಸ್‌ನಿಂದ ಫೆರ್ರಿ ಹತ್ತಿ ನ್ಯಾಂಟಕೆಟ್ ದ್ವೀಪಕ್ಕೆ ಹೋದರೆ, ಬಂದರಿನೊಳಗೆ ತಿರುಗುವಾಗ ಬಲಗಡೆ ಮರಳಿನ ಮೂಲೆಯಲ್ಲಿ ನಿಂತ ಬಿಳಿಯ ಗಿಡ್ಡ ಗೋಪುರವೇ ಬ್ರ್ಯಾಂಟ್ ಪಾಯಿಂಟ್ ದೀಪಸ್ತಂಭ. ಇದು 1901ರಲ್ಲಿ ಕಟ್ಟಿದ್ದು. ನಮ್ಮ ಕಾಪು ದೀಪಸ್ತಂಭವೂ ಅದೇ ವರ್ಷದ್ದು. ಆದರೆ ಅದು ಸುಮಾರು 27 ಮೀಟರ್ ಎತ್ತರವಿದ್ದರೆ ಇದು ಬರೀ 26 ಅಡಿ. ಕಾಪುವಿನ ಮೆಟ್ಟಿಲು ಹತ್ತಿ ಬೆಳೆದ ನನಗೆ ಮೊದಲ ನೋಟಕ್ಕೆ ಸ್ವಲ್ಪ ನಿರಾಸೆಯಾದದ್ದು ನಿಜ. ತೆರೆದ ಕಡಲಿನ ಹಡಗಿಗೆ ಬಹುದೂರದಿಂದ ಕಾಣಬೇಕಾದ ದೀಪಕ್ಕೆ ಎತ್ತರ ಬೇಕು, ಬಂದರಿನ ಬಾಯಿಗೆ ಬಂದ ದೋಣಿಗೆ ತಿರುವು ತೋರಿಸುವ ದೀಪಕ್ಕೆ ಅಷ್ಟು ಬೇಕಿಲ್ಲ ಎಂಬುದು ದಡದಲ್ಲಿ ನಿಂತು ದೋಣಿಗಳ ಓಡಾಟ ನೋಡಿದ ಮೇಲೆ ಮನಸ್ಸಿಗೆ ಬಂತು.

ದಕ್ಕೆಯಿಂದ ಕಾಲು ಗಂಟೆ ನಡೆದರೆ ಸಾಕು. ಮರಳಿನ ಮೇಲೆ ಹಾಸಿದ ಹಲಗೆಯ ಕಿರುಸೇತುವೆ ನೇರ ಗೋಪುರದ ಬಾಗಿಲಿಗೆ ಒಯ್ಯುತ್ತದೆ. ಹತ್ತಿರ ಹೋಗಿ ನೋಡಿ: ಗುಂಡನೆಯ ಗೋಡೆಯ ತುಂಬ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಜೋಡಿಸಿದ ಮರದ ಚಕ್ಕೆಗಳಿವೆ. ಕೈಯಿಟ್ಟರೆ ಬಣ್ಣದ ಅಡಿಯಲ್ಲಿ ಮರದ ಅಂಚು ತಗಲುತ್ತದೆ.

ಈ ಜಾಗದ ಚರಿತ್ರೆಯೇ ಇಲ್ಲಿಗೆ ಬರಲು ದೊಡ್ಡ ಕಾರಣ. ತಿಮಿಂಗಿಲ ಬೇಟೆಯ ಹಡಗುಗಳಿಗಾಗಿ ಊರಿನವರು 1746ರಲ್ಲೇ ಇಲ್ಲಿ ದೀಪ ಹಚ್ಚಿದರು. ಬ್ರಿಟಿಷ್ ವಸಾಹತುಗಳಾಗಿದ್ದ ಆ ಕಾಲದ ಅಮೆರಿಕದಲ್ಲಿ ಅದಕ್ಕಿಂತ ಹಳೆಯದು 1716ರ ಬಾಸ್ಟನ್ ದೀಪ ಒಂದೇ. ಮೊದಲ ಗೋಪುರ 1757ರಲ್ಲಿ ಸುಟ್ಟುಹೋಯಿತು, ಎರಡನೆಯದನ್ನು 1774ರಲ್ಲಿ ಬಿರುಗಾಳಿ ಕೆಡವಿತು, ಆಮೇಲೂ ಒಂದಾದ ಮೇಲೊಂದನ್ನು ಕಟ್ಟುತ್ತಲೇ ಬಂದರು. 1856ರಲ್ಲಿ ಇಟ್ಟಿಗೆಯ ಗೋಪುರವೂ ಎದ್ದಿತು; ಅದು ಇವತ್ತಿಗೂ ಹತ್ತಿರದಲ್ಲೇ ನಿಂತಿದೆ. ಆದರೆ ಹಡಗಿನ ದಾರಿಯೇ ಸರಿದುಹೋದದ್ದರಿಂದ ಗಟ್ಟಿಮುಟ್ಟಾದ ಆ ಗೋಪುರವನ್ನು ಬಿಟ್ಟು, ನೀರಿನ ಅಂಚಿಗೆ ಬಂದು ಮತ್ತೆ ಮರದಲ್ಲೇ ಕಟ್ಟಬೇಕಾಯಿತು.

ಒಳಗೆ ಹೋಗಲು, ಮೇಲೆ ಹತ್ತಲು ಸಾರ್ವಜನಿಕರಿಗೆ ಅವಕಾಶವಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದೊಯ್ಯುವುದು ಒಳ್ಳೆಯದು. ಸೆಳೆತ ಜೋರಾಗಿರುವುದರಿಂದ ಆ ಮೂಲೆಯಲ್ಲಿ ಅವರನ್ನು ನೀರಿಗಿಳಿಸಲೂ ಬಾರದು. ನೋಡಲು ಟಿಕೆಟ್ ಇಲ್ಲ. ಮಧ್ಯಾಹ್ನಕ್ಕಿಂತ ಮುಸ್ಸಂಜೆಯೇ ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ 4 ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮರೆಯಾಗಿ ಮತ್ತೆ ಬೆಳಗುವ ಕೆಂಪು ದೀಪ, ಊರಿನ ಬಿಳಿ ದೀಪಗಳ ನಡುವೆ ಎದ್ದು ಕಾಣುವುದು ಕತ್ತಲು ಕವಿಯುವ ಹೊತ್ತಿಗೇ. ಕ್ರಿಸ್‌ಮಸ್ ಸಮಯದಲ್ಲಿ ಗೋಪುರಕ್ಕೆ ದೊಡ್ಡ ಹಸಿರು ಮಾಲೆ ತೊಡಿಸುತ್ತಾರೆ.

ಮರಳುವಾಗ ಫೆರ್ರಿಯ ಮೇಲಂತಸ್ತಿನ ಎಡಬದಿಯಲ್ಲಿ ನಿಲ್ಲಿ, ಜೇಬಿನಲ್ಲಿ ಒಂದು ಪೆನ್ನಿ ಇರಲಿ. ದೀಪವನ್ನು ದಾಟುವಾಗ ನೀರಿಗೆ ಪೆನ್ನಿ ಎಸೆದವರು ದ್ವೀಪಕ್ಕೆ ಮತ್ತೆ ಬರುತ್ತಾರೆಂಬುದು ಇಲ್ಲಿನ ನಂಬಿಕೆ. ನಾನು ಎರಡು ಎಸೆದೆ, ಒಂದು ಊರಿನಲ್ಲಿರುವ ಅಮ್ಮನ ಹೆಸರಿನಲ್ಲಿ.