ಜಿಯೋಕ್ಯಾಶಿಂಗ್ ಡಬ್ಬಗಳ ವಿಮರ್ಶೆ: ಗಾತ್ರ ಆಮೇಲೆ, ಮೊದಲು ಮುಚ್ಚಳ ನೋಡಿ

ಯಾರೋ ಬಚ್ಚಿಟ್ಟ ಡಬ್ಬವನ್ನು, ಅಂದರೆ ಕ್ಯಾಶ್ ಅನ್ನು, ಜಿಪಿಎಸ್ ನೆರವಿನಿಂದ ಹುಡುಕಿ ಒಳಗಿನ ಹಾಳೆಯಲ್ಲಿ ಹೆಸರು ಬರೆದು ಬರುವ ಆಟ ಜಿಯೋಕ್ಯಾಶಿಂಗ್. ಅರ್ಧ ಗಂಟೆ ಪೊದೆ ತಡಕಾಡಿ, ಕೊನೆಗೂ ಸಿಕ್ಕಿತೆಂದು ಡಬ್ಬ ಬಿಚ್ಚಿದರೆ ಒಳಗೆ ಬೂಸ್ಟು ಹಿಡಿದ ಕಾಗದದ ಮುದ್ದೆ. ಹೆಸರು ಬರೆಯುವುದು ಹಾಗಿರಲಿ, ಹಾಳೆ ಬಿಡಿಸಲೂ ಆಗುವುದಿಲ್ಲ. ಈ ಲಾಗ್ ಹಾಳೆಯಲ್ಲಿ ಸಹಿ ಬಿದ್ದರೆ ಮಾತ್ರ ಫೈಂಡ್, ಅಂದರೆ ಡಬ್ಬ ಸಿಕ್ಕ ಲೆಕ್ಕ, ಎಂಬುದು ಈ ಆಟದ ಮೂಲ ನಿಯಮ. ಹಾಗಾಗಿ ಡಬ್ಬಕ್ಕಿರುವ ಮುಖ್ಯ ಕೆಲಸ ಒಂದೇ: ಆ ಹಾಳೆ ನೆನೆಯದಂತೆ ಕಾಯುವುದು. ಹೆಚ್ಚು ಬಳಕೆಯಲ್ಲಿರುವ ಏಳು ಬಗೆಯ ಡಬ್ಬಗಳನ್ನು ಇಲ್ಲಿ ಅದೊಂದೇ ಕಣ್ಣಿನಿಂದ ನೋಡಿದ್ದೇವೆ.

ಡಬ್ಬದ ಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದಿರುವುದು ಹೊಸ ಡಬ್ಬವನ್ನು ಸರಿಯಾಗಿ ಮುಚ್ಚಿದಾಗಿನ ಮಾತು. ಬಚ್ಚಿಟ್ಟ ಮೇಲೆ ಅದನ್ನು ಮುಚ್ಚುವವರು ಅದನ್ನು ಇಟ್ಟ ಓನರ್ ಅಲ್ಲ, ಹುಡುಕಿ ಬರುವ ಅಪರಿಚಿತರು. ಕೆಲಸ ಮುಗಿಸಿ ಸಂಜೆ ಹೊತ್ತು ಬಂದವರು, ಮಬ್ಬು ಬೆಳಕಿನಲ್ಲಿ, ಮಗಲ್‌ಗಳು, ಅಂದರೆ ಈ ಆಟ ಗೊತ್ತಿಲ್ಲದವರು, ಯಾರಾದರೂ ನೋಡಿಯಾರೆಂಬ ಗಡಿಬಿಡಿಯಲ್ಲಿ, ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಮುಚ್ಚುತ್ತಾರೆ. ಅರೆಮನಸ್ಸಿನಿಂದ ಮುಚ್ಚಿದರೂ ನೀರು ತಡೆಯುವ ಮುಚ್ಚಳವೇ ಒಳ್ಳೆಯ ಮುಚ್ಚಳ.

ನೀರು ಒಳಗೆ ಹೋಗುವ ಬಗೆಯನ್ನೂ ತಿಳಿದಿರಬೇಕು. ಮಳೆ ನೇರವಾಗಿ ಒಳಗೆ ಸುರಿಯುವುದು ಅಪರೂಪ. ಬಿಸಿಲಿಗೆ 40 ಡಿಗ್ರಿ ಕಾದ ಡಬ್ಬ ಮಳೆ ಬಿದ್ದು 15 ಡಿಗ್ರಿಗೆ ಇಳಿದರೆ ಒಳಗಿನ ಗಾಳಿಯ ಒತ್ತಡ ಸುಮಾರು ಶೇ. 8ರಷ್ಟು ಕುಸಿಯುತ್ತದೆ. ಆಗ ಮುಚ್ಚಳದ ಸಂದಿಯಲ್ಲಿ ನಿಂತ ನೀರನ್ನು ಡಬ್ಬ ತಾನೇ ಒಳಗೆಳೆದುಕೊಳ್ಳುತ್ತದೆ. ಮರುದಿನ ಬಿಸಿಲು ಬಂದರೆ ಗಾಳಿ ಹೊರಗೆ ಹೋಗುತ್ತದೆ, ನೀರು ಮಾತ್ರ ಒಳಗೇ ಉಳಿಯುತ್ತದೆ. ಸೋರುವ ಡಬ್ಬದಲ್ಲಿ ನೀರು ದಿನದಿಂದ ದಿನಕ್ಕೆ ಹೆಚ್ಚುವುದು ಇದರಿಂದಲೇ.

ಇದನ್ನೇ ಮನೆಯಲ್ಲಿ ಪರೀಕ್ಷೆಯಾಗಿ ಮಾಡಬಹುದು. ಡಬ್ಬದೊಳಗೆ ಒಣ ಟಿಶ್ಯೂ ಪೇಪರ್ ಇಡಿ, ಮುಳುಗಲು ತೂಕಕ್ಕೆ ಒಂದು ಕಲ್ಲು ಹಾಕಿ, ಬೆಚ್ಚಗಿನ ನೀರಿನಲ್ಲಿ 10 ನಿಮಿಷ ಅದ್ದಿಡಿ. ಗುಳ್ಳೆ ಏಳುವ ಕಡೆ ಸೋರಿಕೆಯಿದೆ. ಅಲ್ಲಿಂದ ತೆಗೆದು ಕೂಡಲೇ ಐಸ್ ಹಾಕಿದ ನೀರಿಗೆ ಇಳಿಸಿ ಒಂದು ಗಂಟೆ ಬಿಡಿ. ಬಿಚ್ಚುವ ಮೊದಲು ಹೊರಮೈ ಪೂರ್ತಿ ಒರೆಸಿ. ಮುಚ್ಚಳದ ಅಂಚಿನ ಹನಿ ಒಳಗೆ ಬಿದ್ದರೆ ಒಳ್ಳೆಯ ಡಬ್ಬವೂ ಸೋರಿದಂತೆ ಕಾಣುತ್ತದೆ. ಎರಡನೆಯ ಸಲ ಮುಚ್ಚಳವನ್ನು ಒಂದೇ ಕೈಯಲ್ಲಿ ಅವಸರವಾಗಿ ಮುಚ್ಚಿ ಇದನ್ನೇ ಮಾಡಿ. ಹೆಚ್ಚಿನ ಡಬ್ಬಗಳು ಸೋಲುವುದು ಈ ಎರಡನೆಯ ಸಲ.

ಮೊದಲು ಬೇಡದವು. 35 ಮಿ.ಮೀ. ಫಿಲ್ಮ್ ರೋಲ್ ಬರುತ್ತಿದ್ದ ಪುಟ್ಟ ಡಬ್ಬಿ ಮೈಕ್ರೋ ಎಂಬ ಪುಟ್ಟ ಗಾತ್ರದ ಕ್ಯಾಶ್‌ಗೆ ಬಹುಕಾಲದಿಂದ ಬಳಕೆಯಲ್ಲಿದೆ. ಜೇಬಿಗೆ ಹಿಡಿಸುತ್ತದೆ, ಎಲ್ಲಿ ಬೇಕಾದರೂ ತೂರುತ್ತದೆ. ಆದರೆ ಹೊರಗಿನಿಂದ ಕವಿಯುವ ಬೂದು ಮುಚ್ಚಳದ ಕಪ್ಪು ಡಬ್ಬಿ ಬಯಲಿನಲ್ಲಿ ನಿಲ್ಲುವುದಿಲ್ಲ. ಆ ಮುಚ್ಚಳ ಅಂಚನ್ನು ಹಿಡಿದುಕೊಳ್ಳುವುದು ಒಂದು ತೆಳು ಎಳೆಯಷ್ಟರಲ್ಲಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿ ಅಂಚು ಸೀಳಿದರೆ ಮುಗಿಯಿತು. ಮುಚ್ಚಳ ಒಳಗೆ ಒತ್ತಿ ಕೂರುವ ಅರೆಪಾರದರ್ಶಕ ಡಬ್ಬಿ ಇದಕ್ಕಿಂತ ಮೇಲು. ಅದನ್ನು ಮಳೆ ತಾಗದ ಸೂರಿನಡಿ ಇಡುವುದಾದರೆ ಅಡ್ಡಿಯಿಲ್ಲ. ಬೀಗದಕೈ ಅಡಗಿಸಿಡುವ, ಜಾರು ಮುಚ್ಚಳದ ಮ್ಯಾಗ್ನೆಟ್ ಪೆಟ್ಟಿಗೆಯಂತೂ ಬೇಡವೇ ಬೇಡ. ಅದಕ್ಕೆ ರಬ್ಬರ್ ಬಳೆಯೇ ಇಲ್ಲ, ಒಳಗಿನ ಪುಟ್ಟ ಜಿಪ್ ಚೀಲವೊಂದೇ ರಕ್ಷಣೆ. ಚೀಲ ಪ್ರತಿ ಸಲ ಮಡಚುವ ಗೆರೆಯಲ್ಲೇ ಹರಿಯುತ್ತದೆ.

ನ್ಯಾನೋ ಬಗ್ಗೆ ಹೇಳುವುದು ಸ್ವಲ್ಪವೇ. ಬೆರಳ ತುದಿಗಿಂತ ಚಿಕ್ಕದು, ಬುಡದಲ್ಲಿ ಮ್ಯಾಗ್ನೆಟ್, ಒಳಗೆ ಕಿರುಬೆರಳ ಉಗುರಿಗಿಂತ ಕಿರಿದಾದ ಪಟ್ಟಿ. ಪಟ್ಟಿ ಬೇಗ ತುಂಬುತ್ತದೆ. ಸಡಿಲವಾಗಿ ಸುತ್ತಿದರೆ ಮುಚ್ಚಳದ ತಿರುಪಿನ ಥ್ರೆಡ್‌ಗೆ ಸಿಕ್ಕಿ ಮುಚ್ಚಳ ಓರೆಯಾಗಿ ಕೂರುತ್ತದೆ, ಅಲ್ಯುಮಿನಿಯಂ ಥ್ರೆಡ್ ಒಮ್ಮೆ ಕೆಟ್ಟರೆ ರಿಪೇರಿಯಿಲ್ಲ. ಬೇರೇನನ್ನೂ ಅಂಟಿಸಲಾಗದ ಕಬ್ಬಿಣದ ಬೇಲಿಗೆ ಮಾತ್ರ ಸರಿ, ಅದೂ ಓನರ್ ದಿನಾ ಓಡಾಡುವ ದಾರಿಯಲ್ಲಿದ್ದರೆ.

ಬೈಸನ್ ಟ್ಯೂಬ್ ಹೆಬ್ಬೆರಳಷ್ಟು ಗಾತ್ರದ ಅಲ್ಯುಮಿನಿಯಂ ಕೊಳವೆ. ತಿರುಗಿಸುವ ಮುಚ್ಚಳ, ಕುತ್ತಿಗೆಯಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ, ತೂಗುಹಾಕಲು ಮೇಲೊಂದು ಬಳೆ. ಕೊಂಬೆಗೆ ಕಟ್ಟಲು ಇಷ್ಟು ಅನುಕೂಲದ್ದು ಇನ್ನೊಂದಿಲ್ಲ. ಇದರ ಜೀವವೆಲ್ಲ ಆ ಓ-ರಿಂಗ್‌ನಲ್ಲಿದೆ. ಹಾಳೆ ಎಳೆಯುವಾಗ ಅದು ಜಾರಿ ನೆಲಕ್ಕೆ ಬಿದ್ದರೆ ಫೈಂಡರ್‌ಗೆ ತಿಳಿಯುವುದೇ ಇಲ್ಲ, ಮುಚ್ಚಳ ಎಂದಿನಂತೆ ತಿರುಗಿ ಕೂರುತ್ತದೆ, ಟ್ಯೂಬ್ ಮಾತ್ರ ಸೋರತೊಡಗುತ್ತದೆ. ಥ್ರೆಡ್‌ಗೆ ಮರಳು ಸೇರಿದರೆ ಮುಚ್ಚಳ ಕಚ್ಚಿಕೊಳ್ಳುತ್ತದೆ. ಅಕ್ಕಿ ಕಾಳಿನಷ್ಟು ಸಿಲಿಕೋನ್ ಗ್ರೀಸನ್ನು ಓ-ರಿಂಗ್‌ಗೂ ಥ್ರೆಡ್‌ಗೂ ಸವರಿದರೆ ಎರಡೂ ತೊಂದರೆ ತಗ್ಗುತ್ತವೆ. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ. ಕಟ್ಟುವಾಗ ಮುಚ್ಚಳದ ಬಳೆಗೆ ದಾರ ಹಾಕಿ ಅರ್ಧ ಮೀಟರ್‌ನಷ್ಟು ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದ್ದನ್ನು ತಿರುಗಿಸಲಾಗದೆ ಕೊಂಬೆಯನ್ನೇ ಬಗ್ಗಿಸುವವರಿದ್ದಾರೆ, ಗಿಡ ಮುರಿಯುತ್ತದೆ.

ಮೈಕ್ರೋ ಗಾತ್ರದಲ್ಲಿ ನಮ್ಮ ಮೊದಲ ಆಯ್ಕೆ ಪ್ರೀಫಾರ್ಮ್. ಸೋಡಾ ಬಾಟಲಿಯನ್ನು ಊದಿ ಹಿಗ್ಗಿಸುವ ಮೊದಲಿನ ರೂಪ ಇದು: ದಪ್ಪ ಗೋಡೆಯ ಪೆಟ್ ಪ್ಲಾಸ್ಟಿಕ್ ಕೊಳವೆ, ಮೇಲೆ ಬಾಟಲಿಯದೇ ಕುತ್ತಿಗೆ ಮತ್ತು ಮುಚ್ಚಳ. ಆ ಮುಚ್ಚಳ ಗ್ಯಾಸ್ ತುಂಬಿದ ಪಾನೀಯದ ಒತ್ತಡ ತಡೆಯಲೆಂದೇ ಮಾಡಿದ್ದು. ಡಬ್ಬ ಒಳಗೆಳೆದುಕೊಳ್ಳುವ ಆ ಶೇ. 8ರ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕಿಂತ ದೊಡ್ಡ ಗುಣವೆಂದರೆ ಬಾಟಲಿ ಮುಚ್ಚುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಕತ್ತಲಲ್ಲೂ ಕೈಗೆ ರೂಢಿ. ಕಳೆದುಹೋಗುವ ರಬ್ಬರ್ ಬಳೆಯೂ ಇಲ್ಲ.

ಇದರಲ್ಲಿ ತಪ್ಪಾಗುವ ಕಡೆ ಮೂರು. ಒಂದು, ಮುಚ್ಚಳದ ಅಳತೆ. 28 ಮಿ.ಮೀ. ಸೋಡಾ ಕುತ್ತಿಗೆಯಲ್ಲೇ ಎತ್ತರದ ಪಿಸಿಒ 1810, ಗಿಡ್ಡ ಪಿಸಿಒ 1881 ಎಂದು ಎರಡು ಬಗೆಯಿವೆ. ಒಂದರ ಮುಚ್ಚಳ ಇನ್ನೊಂದಕ್ಕೆ ತಿರುಗಿದಂತೆ ಕಂಡರೂ ಸರಿಯಾಗಿ ಕೂರುವುದಿಲ್ಲ. ಪ್ರೀಫಾರ್ಮ್ ಜೊತೆಗೇ ಅದರ ಮುಚ್ಚಳಗಳನ್ನು ಎರಡರಷ್ಟು ತರಿಸಿಟ್ಟುಕೊಳ್ಳಿ. ಎರಡು, ಹಾಳೆ ಒಳಗೆ ಸಿಕ್ಕಿಕೊಳ್ಳುವುದು. ಬಾಯಿ ಎರಡು ಸೆಂ.ಮೀ. ಚಿಲ್ಲರೆ ಅಷ್ಟೇ. ಒಳಗೆ ಹೋದ ಸುರುಳಿ ಬಿಚ್ಚಿಕೊಂಡು ಗೋಡೆಗೆ ಒತ್ತಿ ಕೂರುತ್ತದೆ. ಜನ ಕಡ್ಡಿ ಹಾಕಿ ಕೆದಕುತ್ತಾರೆ, ಹಾಳೆ ಹರಿಯುತ್ತದೆ. ಸುತ್ತಿದ ಹಾಳೆಯ ತುದಿ ಬಾಯಿಯಿಂದ 3–4 ಮಿ.ಮೀ. ಕೆಳಗೆ ನಿಲ್ಲುವಂತೆ ಕತ್ತರಿಸಿ, ಆ ತುದಿಗೆ ಮಡಚಿದ ಟೇಪಿನ ಪುಟ್ಟ ಬಾಲ ಅಂಟಿಸಿ. ಬಾಲ ಹಿಡಿದು ತಿರುಚಿದರೆ ಸುರುಳಿ ಬಿಗಿಯಾಗಿ ಹೊರಗೆ ಬರುತ್ತದೆ. ಹಾಳೆ ಬಾಯಿಗಿಂತ ಮೇಲೆ ಚಾಚಿದರೆ ಅದು ಮುಚ್ಚಳಕ್ಕೆ ಸಿಕ್ಕಿ ನೀರಿಗೆ ಬತ್ತಿಯಾಗುತ್ತದೆ. ಮೂರು, ಬಣ್ಣ. ಪಾರದರ್ಶಕ ಕೊಳವೆ ದೂರದಿಂದಲೇ ಹೊಳೆಯುತ್ತದೆ, ಬಣ್ಣವೋ ನುಣುಪು ಪೆಟ್ ಮೇಲೆ ನಿಲ್ಲದೆ ಪೊರೆಯಂತೆ ಏಳುತ್ತದೆ. 220 ನಂಬರಿನ ಉಪ್ಪುಕಾಗದದಲ್ಲಿ ಮೈ ಉಜ್ಜಿ, ಕುತ್ತಿಗೆಗೆ ಟೇಪ್ ಸುತ್ತಿ, ಆಮೇಲೆ ಎರಡು ತೆಳು ಪದರ ಸ್ಪ್ರೇ ಹೊಡೆಯಿರಿ. ಥ್ರೆಡ್ ಮೇಲೆ ಬಣ್ಣ ಬಿದ್ದ ಪ್ರೀಫಾರ್ಮ್ ಸೋರುತ್ತದೆ.

100 ಮಿ.ಲೀ.ಯಿಂದ ಒಂದು ಲೀಟರ್‌ವರೆಗಿನದು ಸ್ಮಾಲ್ ಗಾತ್ರ. ವಿನಿಮಯದ ಸಾಮಾನು, ಟ್ರಾವೆಲ್ ಬಗ್ (ಕ್ಯಾಶ್‌ನಿಂದ ಕ್ಯಾಶ್‌ಗೆ ಸಾಗಿಸುವ, ನಂಬರಿರುವ ಬಿಲ್ಲೆ) ಇಡಲು ಇಷ್ಟಾದರೂ ಜಾಗ ಬೇಕು. ಇಲ್ಲಿ ಲಾಕ್ ಅಂಡ್ ಲಾಕ್ ಮಾದರಿಯ, ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಕ್ಕೆ ಸಾಟಿಯಿಲ್ಲ. ಸಿಲಿಕೋನ್ ಬಳೆ ಸ್ವಚ್ಛವಿದ್ದರೆ ಐಸ್ ನೀರಿನ ಪರೀಕ್ಷೆಯನ್ನು ಆರಾಮವಾಗಿ ಪಾಸಾಗುತ್ತದೆ.

ಆದರೂ ಬಯಲಿನಲ್ಲಿ ಒದ್ದೆಯಾಗಿ ಸಿಗುವುದುಂಟು, ಮತ್ತು ಹೆಚ್ಚಿನ ಸಲ ಕಾರಣ ಲಾಗ್ ಹಾಕಿಟ್ಟ ಜಿಪ್ ಚೀಲ. ದೊಡ್ಡ ಚೀಲದ ಮೂಲೆ ಮುಚ್ಚಳದ ಅಂಚಿಗೆ ಸಿಕ್ಕಿರುತ್ತದೆ, ಕ್ಲಿಪ್ ನಾಲ್ಕೂ ಬಿದ್ದಿರುತ್ತವೆ, ನೋಡಿದರೆ ಎಲ್ಲ ಸರಿ. ಆ ಮಡಿಕೆಯ ಪಕ್ಕದ ಸೂಜಿಯಷ್ಟು ಸಂದಿ ಸಾಕು. ಡಬ್ಬದ ಅರ್ಧ ಅಗಲಕ್ಕಿಂತ ದೊಡ್ಡ ಚೀಲ ಇಡಬೇಡಿ. ಮುಚ್ಚಳದ ಒಳಬದಿಗೆ ‘ಚೀಲ ಸಿಕ್ಕಿಲ್ಲವಷ್ಟೇ? ನಾಲ್ಕೂ ಕ್ಲಿಪ್ ಹಾಕಿ’ ಎಂದು ಬರೆದು ಅಂಟಿಸಿ, ಇದು ನಿಜಕ್ಕೂ ಫಲ ಕೊಡುತ್ತದೆ. ಎರಡನೆಯ ಶತ್ರು ಕಲ್ಲು. ಡಬ್ಬ ಮರೆಮಾಡಲು ಮೇಲೆ ಹೇರಿದ ಕಲ್ಲಿನ ಭಾರಕ್ಕೆ ಮುಚ್ಚಳ ನಡುವೆ ತಗ್ಗಿ ಅಂಚು ಮೇಲೇಳುತ್ತದೆ. ಕಲ್ಲು ಅಕ್ಕಪಕ್ಕದ ಕಲ್ಲುಗಳ ಮೇಲೆ ನಿಲ್ಲಬೇಕು, ಡಬ್ಬದ ಮೇಲಲ್ಲ. ಇನ್ನು ಬಿಸಿಲು: ಪಾಲಿಪ್ರೊಪಿಲೀನ್ ಬಿಸಿಲಿಗೆ ಬಿರುಸಾಗಿ ಕ್ಲಿಪ್‌ಗಳು ಮಡಚುವ ಜಾಗದಲ್ಲೇ ಮುರಿಯುತ್ತವೆ. ನೆರಳಿನಲ್ಲಿಡಿ. ಒಂದೇ ಅಳತೆಯ ಎರಡು ಡಬ್ಬ ಕೊಂಡು ಒಂದರ ಮುಚ್ಚಳವನ್ನು ಬದಲಿಗಿಟ್ಟುಕೊಂಡರೆ, ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಒಂದು ನಿಮಿಷದ ರಿಪೇರಿ. ಈ ಪ್ಲಾಸ್ಟಿಕ್ಕಿಗೂ ಬಣ್ಣ ಅಂಟದು, ಬಟ್ಟೆ ಟೇಪ್ ಸುತ್ತಿ. ಟೇಪ್ ಕ್ಲಿಪ್ ಮೇಲಾಗಲಿ ಮುಚ್ಚಳದ ಸಂದಿಯಲ್ಲಾಗಲಿ ಬರಕೂಡದು.

ವಾರಾಂತ್ಯದ ನಡಿಗೆಯಲ್ಲಿ ತಲುಪುವ ದೂರದ ಜಾಗಗಳಿಗೆ ಸೇನೆಯ ಹಳೆಯ ಮದ್ದುಗುಂಡಿನ ಪೆಟ್ಟಿಗೆ, ಅಂದರೆ ಆಮೋ ಕ್ಯಾನ್. ಎಂ2ಎ1 ಮಾದರಿಯಲ್ಲಿ ಐದು ಲೀಟರ್‌ಗೂ ಹೆಚ್ಚು ಜಾಗ, ತೂಕ ಎರಡು ಕಿಲೋ ಮೀರುತ್ತದೆ. ಅಗುಳಿ ಎಳೆದರೆ ಮುಚ್ಚಳ ತಾನೇ ರಬ್ಬರ್ ಮೇಲೆ ಒತ್ತಿ ಕೂರುತ್ತದೆ, ಅರ್ಧ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ಅರೆಮನಸ್ಸಿನ ಕೈಗೆ ಇದಕ್ಕಿಂತ ಒಳ್ಳೆಯ ಮುಚ್ಚಳ ಕಾಣೆವು. ಹಳೆಯದನ್ನು ಕೊಳ್ಳುವಾಗ ಕಾಗದದ ಪಟ್ಟಿಯನ್ನು ಅಂಚಿಗೆ ಇಟ್ಟು ಮುಚ್ಚಿ ಎಳೆದು ನೋಡಿ. ನಾಲ್ಕೂ ಬದಿಯಲ್ಲಿ ಬಿಗಿ ಹಿಡಿಯಬೇಕು, ಸಲೀಸಾಗಿ ಜಾರಿದ ಕಡೆ ರಬ್ಬರ್ ಕುಗ್ಗಿದೆ. ತುಕ್ಕು ಶುರುವಾಗುವುದು ತಳದಲ್ಲಿ, ಕೆಳಗೆ ಎರಡು ಚಪ್ಪಟೆ ಕಲ್ಲು ಕೊಟ್ಟು ಎತ್ತರಿಸಿ. ಸೇನೆಯ ಅಕ್ಷರಗಳನ್ನೆಲ್ಲ ಬಣ್ಣದಲ್ಲಿ ಮುಚ್ಚಿ, ಮೇಲೆ ಜಿಯೋಕ್ಯಾಶ್ ಎಂದು ದೊಡ್ಡದಾಗಿ ಬರೆಯಲೇಬೇಕು. ಊರೊಳಗೆ ಇದು ಬೇಡ, ಗೊತ್ತಿಲ್ಲದವರು ಕಂಡರೆ ಪೊಲೀಸರನ್ನು ಕರೆಯುವುದು ಸಹಜ.

2000ದ ಮೇ 3ರಂದು ಅಮೆರಿಕದ ಆರಿಗನ್‌ನಲ್ಲಿ ಇಟ್ಟ ಮೊದಲ ಕ್ಯಾಶ್ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್. ಬಹುಪಾಲು ನೆಲದಲ್ಲಿ ಹೂತಿದ್ದ ಆ ಬಕೆಟ್‌ನಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು. ಈಗ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ, ತಿನ್ನುವ ವಸ್ತು ಇಡುವಂತಿಲ್ಲ. ಎರಡಕ್ಕೂ ಒಳ್ಳೆಯ ಕಾರಣವಿದೆ: ಗುಂಡಿಯಲ್ಲಿ ನೀರು ನಿಲ್ಲುತ್ತದೆ, ವಾಸನೆಗೆ ಪ್ರಾಣಿಗಳು ಡಬ್ಬವನ್ನೇ ಕಚ್ಚಿ ಒಡೆಯುತ್ತವೆ. ಊಟದ ವಾಸನೆ ಉಳಿದ ಹಳೆಯ ಡಬ್ಬಕ್ಕೂ ಇದೇ ಗತಿ.

ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯ ಡಬ್ಬದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಿಚ್ಚಿದಾಗ ಒಳಬಂದ ತೇವವನ್ನು ಹೀರುತ್ತದೆಯೇ ಹೊರತು ಸೋರುವುದನ್ನು ನಿಲ್ಲಿಸದು. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಡಬ್ಬದೊಳಗೆ ಗಿಡ್ಡ ಪೆನ್ಸಿಲ್ ಇಡಿ. ರೈಟ್ ಇನ್ ದ ರೈನ್‌ನಂಥ ನೀರು ಹಿಡಿಯದ ಹಾಳೆ ನಿಜವಾಗಿ ಉಪಯುಕ್ತ, ಅದರ ಮೇಲೂ ಪೆನ್ಸಿಲ್ಲೇ ಚೆನ್ನಾಗಿ ಬರೆಯುತ್ತದೆ.

ಓನರ್ ಆದವರು ಚೀಲದಲ್ಲಿ ಸದಾ ಇಟ್ಟುಕೊಳ್ಳಬೇಕಾದದ್ದು ಒಂದು ಹಿಡಿಯಷ್ಟು: ತಮ್ಮ ಡಬ್ಬಗಳ ಅಳತೆಗೆ ಕತ್ತರಿಸಿದ ಹಾಳೆಗಳು, ನಾಲ್ಕು ಓ-ರಿಂಗ್, ಎರಡು ಮುಚ್ಚಳ, ಚಿಮಟ, ಟಿಶ್ಯೂ. ಒದ್ದೆ ಎಂದು ಆನ್‌ಲೈನ್‌ನಲ್ಲಿ ಲಾಗ್ ಬಂದಾಗ ಹಾಳೆಯನ್ನಷ್ಟೇ ಬದಲಿಸಿ ಬಂದರೆ ಅದೂ ನೆನೆಯುತ್ತದೆ. ಮೊದಲು ಬಳೆ, ಅಂಚು, ಕ್ಲಿಪ್ ನೋಡಿ, ಒಳಗೆ ಪೂರ್ತಿ ಒರೆಸಿ. ಹಳೆಯ ಹಾಳೆಯ ಫೋಟೋ ತೆಗೆದುಕೊಂಡ ಮೇಲೆ ಹೊಸದನ್ನು ಇಡಿ. ಫೈಂಡರ್ ಆದವರು ಡಬ್ಬ ಸಿಗಲಿಲ್ಲವೆಂದು ತಮ್ಮದೊಂದನ್ನು ಅಲ್ಲಿಟ್ಟು ಬರಬಾರದು. ಮೂಲ ಡಬ್ಬ ಎರಡಡಿ ಆಚೆಗೇ ಇದ್ದರೆ ಒಂದೇ ಕ್ಯಾಶ್‌ಗೆ ಎರಡು ಲಾಗ್ ಆಗುತ್ತವೆ. ಡಿಎನ್‌ಎಫ್, ಅಂದರೆ ‘ಸಿಗಲಿಲ್ಲ’ ಎಂಬ ಲಾಗ್ ಹಾಕಿ, ಹುಡುಕಿದ ಜಾಗವನ್ನು ಗುಟ್ಟು ರಟ್ಟಾಗದಂತೆ ಬರೆದರೆ ಓನರ್ ಬಂದು ನೋಡುತ್ತಾರೆ.