ಮೇವ್ ರಾಣಿಯ ನೆಲದಲ್ಲಿ ಒಂದು ದಿನ: ಪ್ರವಾಸದ ವಿಮರ್ಶೆ

ಐರಿಷ್ ಪುರಾಣದ ವೀರರಾಣಿ ಮೇವ್‌ಳ ಹೆಸರಿನೊಂದಿಗೆ ಬೆಸೆದುಕೊಂಡಿರುವ ಎರಡು ತಾಣಗಳನ್ನು ಒಂದೇ ದಿನದಲ್ಲಿ ತೋರಿಸುವ ಮಾರ್ಗದರ್ಶಿ ಸಹಿತ ಪ್ರವಾಸವೊಂದರಲ್ಲಿ ಭಾಗವಹಿಸಿದ್ದೆ. ಬೆಳಿಗ್ಗೆ ರಾಸ್‌ಕಾಮನ್ ಕೌಂಟಿಯ ರಾತ್‌ಕ್ರೋಘನ್, ಮಧ್ಯಾಹ್ನ ಸ್ಲೈಗೋ ಕೌಂಟಿಯ ನಾಕ್‌ನರೇ ಬೆಟ್ಟ. ಎರಡಕ್ಕೂ ಮಾರ್ಗದರ್ಶಿಗಳು ಬೇರೆ ಬೇರೆ. ಅವರು ತೋರಿಸಿದ ಮೇವ್ ಕೂಡ ಬೇರೆ ಬೇರೆಯೇ ಆಗಿದ್ದಳು.

ರಾತ್‌ಕ್ರೋಘನ್ ಮೊದಲ ನೋಟಕ್ಕೆ ನಿರಾಸೆ ಹುಟ್ಟಿಸುವ ಜಾಗ. ಐರ್ಲೆಂಡಿನ ಪಶ್ಚಿಮ ಪ್ರಾಂತ್ಯವಾದ ಕಾನಕ್ಟ್‌ನ ಅರಸರ ರಾಜಧಾನಿಯೆಂದು ಕಥೆಗಳು ಕೊಂಡಾಡುವ ಕಡೆ ಕಾಣುವುದು ಹುಲ್ಲು ಬೆಳೆದ, ಸುಮಾರು 90 ಮೀಟರ್ ಅಗಲದ ಒಂದು ದಿಬ್ಬ ಮಾತ್ರ. ಬೆಳಗಿನ ಮಾರ್ಗದರ್ಶಿಯ ಹೆಚ್ಚುಗಾರಿಕೆ ಇರುವುದು, ಆ ದಿಬ್ಬದ ಮೇಲೆ ನಮ್ಮನ್ನು ನಿಲ್ಲಿಸಿಕೊಂಡು ಗೂಳಿಯೊಂದಕ್ಕಾಗಿ ಮೇವ್ ಹೂಡಿದ ಯುದ್ಧದ ಪ್ರಸಿದ್ಧ ಕಥೆಯಿಂದಲ್ಲದೆ ರಾಣಿಯ ಹೆಸರಿನಿಂದಲೇ ಮಾತು ಆರಂಭಿಸಿದ್ದರಲ್ಲಿ. ಮೇವ್ ಎಂದರೆ ಮತ್ತೇರಿಸುವವಳು; ಜೇನಿನಿಂದ ತಯಾರಿಸುವ ಮದ್ಯದ ಹೆಸರು ಆ ಪದದ ಬೇರಿನಲ್ಲಿದೆ. ನಮ್ಮ ‘ಮಧು’ ಶಬ್ದವೂ ಅದೇ ಮೂಲದ್ದು ಎಂಬುದು ನೆನಪಾಗಿ, ದೂರದ ನೆಂಟರೊಬ್ಬರ ಮನೆ ಹೊಕ್ಕಂತೆನಿಸಿತು. ಹಳೆಯ ಐರ್ಲೆಂಡಿನಲ್ಲಿ ಪಟ್ಟವೇರುವುದೆಂದರೆ ನೆಲದ ದೇವತೆಯನ್ನು ಮದುವೆಯಾಗುವುದು, ಅವಳು ನೀಡುವ ಪಾನಪಾತ್ರೆಯನ್ನು ಸ್ವೀಕರಿಸುವುದು ಎಂಬ ಕಲ್ಪನೆಯಿತ್ತು. ಕಾನ್ ಎಂಬ ಅರಸನಿಗೆ ದರ್ಶನವೊಂದರಲ್ಲಿ ಪಾನೀಯ ಬಡಿಸುವ ತರುಣಿಯ ಹೆಸರೇ ‘ಐರ್ಲೆಂಡಿನ ಪ್ರಭುತ್ವ’. ಬಾವಿಯ ಬಳಿ ಕುರೂಪಿ ಮುದುಕಿಯನ್ನು ಅಪ್ಪಿಕೊಂಡ ನೀಲ್ ಎಂಬ ರಾಜಕುಮಾರನಿಗೆ, ಚೆಲುವೆಯಾಗಿ ಬದಲಾದ ಆಕೆ ತಾನೇ ರಾಜತ್ವವೆಂದು ಹೇಳುತ್ತಾಳೆ. ಅರಸನನ್ನು ‘ಭೂಪತಿ’ ಎಂದು ಕರೆಯುವ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಿನ್ನೆಲೆ ಸಿಕ್ಕಮೇಲೆ ಮೇವ್‌ಳ ಗಂಡಂದಿರ ಸಾಲು ಬೇರೆಯೇ ಅರ್ಥ ಪಡೆಯುತ್ತದೆ. ಕಾನಕ್ಟ್‌ನಲ್ಲಿ ಆಕೆಯ ಕೈಹಿಡಿದವನೇ ದೊರೆ. ಗಂಡನಾಗುವವನಲ್ಲಿ ಜಿಪುಣತನ, ಭಯ, ಮತ್ಸರ ಮೂರೂ ಇರಕೂಡದೆಂಬ ಆಕೆಯ ಷರತ್ತು ಒಬ್ಬ ಹೆಣ್ಣಿನ ಹಟದಂತೆ ಕಂಡರೂ, ನಾಡೊಂದು ತನ್ನ ಅರಸನಿಗೆ ಒಡ್ಡುವ ಪರೀಕ್ಷೆಯಾಗಿಯೂ ಓದಿಸಿಕೊಳ್ಳುತ್ತದೆ. ಪೂರ್ವದ ಲೆನ್ಸ್ಟರ್ ಪ್ರಾಂತ್ಯದ ಇನ್ನೊಬ್ಬ ಮೇವ್, ತನ್ನನ್ನು ವರಿಸದ ಯಾರನ್ನೂ ಐರ್ಲೆಂಡಿನ ಮಹಾರಾಜರ ಪೀಠವಾದ ತಾರಾದಲ್ಲಿ ಅರಸನಾಗಲು ಬಿಡುತ್ತಿರಲಿಲ್ಲವೆಂಬ ಐತಿಹ್ಯವನ್ನೂ ಮಾರ್ಗದರ್ಶಿ ಇದರ ಪಕ್ಕದಲ್ಲಿಟ್ಟರು.

ಅಲ್ಲಿಂದ ಖಾಸಗಿ ಹೊಲವೊಂದರಲ್ಲಿರುವ, ‘ಬೆಕ್ಕುಗಳ ಗವಿ’ ಎಂದು ಕರೆಯುವ ಓವೆನಗಟ್‌ಗೆ ಕರೆದೊಯ್ದರು. ಬಾಗಿಲಿನ ಮೇಲ್ಗಲ್ಲಿನಲ್ಲಿ ಐರ್ಲೆಂಡಿನ ಪ್ರಾಚೀನ ಲಿಪಿಯಾದ ಓಘಮ್‌ನ ಗೀರುಗಳಿವೆ: ‘ಮೇವ್‌ಳ ಮಗ ಫ್ರೇಖ್‌ನ’ ಎಂಬ ಅರ್ಥ. ಒಳಗೆ ಕೆಸರು, ಇಕ್ಕಟ್ಟು. ಹಳೆಯ ಬಟ್ಟೆ ಮತ್ತು ಟಾರ್ಚು ತರಬೇಕೆಂದು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು.

ಮಧ್ಯಾಹ್ನದ ಭಾಗ ಮಾತ್ರ ಬೇಸರ ತರಿಸಿತು. 327 ಮೀಟರ್ ಎತ್ತರದ ನಾಕ್‌ನರೇ ಏರುವುದು ಕಷ್ಟವೇನಲ್ಲ, ತುದಿಯಿಂದ ಕಾಣುವ ಕಡಲಂತೂ ಸೊಗಸು. ಆದರೆ ಎರಡನೆಯ ಮಾರ್ಗದರ್ಶಿಗೆ ಮೇವ್ ಎಂದರೆ ಗೂಳಿಯೊಂದಕ್ಕಾಗಿ ಉತ್ತರದ ಅಲ್ಸ್ಟರ್ ಪ್ರಾಂತ್ಯದ ಮೇಲೆ ದಂಡೆತ್ತಿದ, ಗಂಡಸರ ಚಟವಿದ್ದ ರಾಣಿ, ಅಷ್ಟೆ. ಗಂಡ ಐಲಿಲ್‌ನೊಂದಿಗೆ ಹಾಸಿಗೆಯಲ್ಲಿ ಆಸ್ತಿಯನ್ನು ಹೋಲಿಸುವ ಪ್ರಸಂಗವನ್ನು ಅವರು ನಗೆಹನಿಯಂತೆ ಹೇಳಿದರು. ಆ ಪ್ರಸಂಗ 12ನೆಯ ಶತಮಾನದ ‘ಬುಕ್ ಆಫ್ ಲೆನ್ಸ್ಟರ್’ ಹಸ್ತಪ್ರತಿಯಲ್ಲಿದೆ. ಆ ಯುದ್ಧದ ಕಥೆಯ ಹಳೆಯ ಪಾಠ ಅದಿಲ್ಲದೆ, ನೇರವಾಗಿ ಸೈನ್ಯ ಕೂಡುವುದರಿಂದಲೇ ಶುರುವಾಗುತ್ತದೆ. ಕ್ರೈಸ್ತ ಮಠಗಳ ಲಿಪಿಕಾರರ ಕೈಯಲ್ಲಿ ದೇವತೆ ಗಯ್ಯಾಳಿಯಾದಳೇ ಎಂಬ ಪ್ರಶ್ನೆಗೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿರಲಿಲ್ಲ. ನಾನು ಕೇಳಿದಾಗ ಅವರು ಗಡಿಯಾರ ನೋಡಿಕೊಂಡರು. ತನ್ನ ಸೋದರಿಯನ್ನು ಕೊಂದ ತಪ್ಪಿಗೆ ಆ ಸೋದರಿಯ ಮಗ ಕವಣೆಯಲ್ಲಿ ಬೀಸಿದ ಗಟ್ಟಿ ಚೀಸಿನ ತುಂಡು ಬಡಿದು ಮೇವ್ ಸತ್ತಳೆಂಬ ವಿಚಿತ್ರ ಕಥೆಯಾದರೂ ಬರಬಹುದೆಂದು ಕಾದೆ, ಬರಲಿಲ್ಲ.

ಬೆಟ್ಟದ ತುದಿಯ ಕಲ್ಲುರಾಶಿ ಸುಮಾರು 55 ಮೀಟರ್ ಅಗಲ, 10 ಮೀಟರ್ ಎತ್ತರವಿದ್ದು, ಮೇವ್ ಕಥೆಗಳಿಗಿಂತ ಸಾವಿರಾರು ವರ್ಷ ಹಿಂದಿನ ನವಶಿಲಾಯುಗದ್ದು. ರಾಣಿಯನ್ನು ಇಲ್ಲಿ ಅಲ್ಸ್ಟರ್ ಕಡೆ ಮುಖಮಾಡಿ ನಿಂತಂತೆಯೇ ಹೂಳಲಾಗಿದೆಯೆಂಬ ಜನರ ನಂಬಿಕೆಯನ್ನು ಹೇಳಿದ ಮಾರ್ಗದರ್ಶಿ, ಈ ಅಂತರವನ್ನು ಹೇಳಲಿಲ್ಲ. ರಾಶಿಯ ಮೇಲೆ ಹತ್ತಬಾರದೆಂಬ ಕೋರಿಕೆಯಿದ್ದರೂ ನಮ್ಮ ತಂಡದ ಇಬ್ಬರು ಹತ್ತಿ ಫೋಟೊ ತೆಗೆಸಿಕೊಂಡಾಗ ತಡೆಯಲೂ ಇಲ್ಲ.

ಬೆಳಗಿನ ಭಾಗವನ್ನಷ್ಟೇ ಕಾದಿರಿಸುವ ಅವಕಾಶ ಇದೇ ಸಂಸ್ಥೆಯಲ್ಲಿದೆ. ನಾನು ಮತ್ತೆ ಹೋದರೆ ಅದನ್ನೇ ಆರಿಸಿಕೊಳ್ಳುತ್ತೇನೆ. ನಾಕ್‌ನರೇಯನ್ನು ಮಾರ್ಗದರ್ಶಿಯಿಲ್ಲದೆ, ಸಂಜೆಯ ಬೆಳಕಿನಲ್ಲಿ ಒಬ್ಬನೇ ಏರುತ್ತೇನೆ.